ಭುಜ ನೋವಿಗೆ ಪ್ಯಾಕೇಜ್ ಕಟ್ಟುವ ಮುಂಚೆ ಇದನ್ನು ಓದಿ

ಭುಜ ನೋವು, ಕುತ್ತಿಗೆ ನೋವು ಅಂತ ಫಿಸಿಯೋಥೆರಪಿಗೆ ಹೊರಟಿದ್ದೀರಾ? ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ. ಮತ್ತೆ ಹೇಳುತ್ತೇನೆ, ಕಟ್ಟಬೇಡಿ. ನನ್ನ 18 ಸಾವಿರ ಹೋಯಿತು, ನೋವು ಇದ್ದಲ್ಲೇ ಇದೆ.

ಬೆಂಗಳೂರಿನ ಒಂದು ಕ್ಲಿನಿಕ್. ಮೊದಲ ದಿನ ನೋಡಿದ ಡಾಕ್ಟರ್ ಮೇಡಂ ನಿಜಕ್ಕೂ ಚೆನ್ನಾಗಿ ನೋಡಿದರು. ಕುತ್ತಿಗೆ, ಭುಜದ ನಡುವಿನ ಟ್ರೆಪೀಜಿಯಸ್ ಸ್ನಾಯುವನ್ನು ಬೆರಳುಗಳ ಮಧ್ಯೆ ಹಿಡಿದು ತಡಕಿದರು. ಒಂದು ಕಡೆ ಕಡಲೆಕಾಳಿನಷ್ಟು ಗಂಟು. ಒತ್ತಿದ ಕೂಡಲೇ ನೋವು ಕಿವಿ ಹಿಂದಿನಿಂದ ಹತ್ತಿ ಕಣತಲೆಗೆ ಬಂತು. "ಇದೇ ಟ್ರಿಗರ್ ಪಾಯಿಂಟ್, ನಿಮ್ಮ ತಲೆನೋವೂ ಇಲ್ಲಿಂದಲೇ" ಅಂದರು. ಎಕ್ಸ್‌ರೇಯಲ್ಲಿ ಕಾಣದ್ದನ್ನು ಬೆರಳಲ್ಲೇ ಹಿಡಿದರಲ್ಲ ಅಂತ ನನಗೆ ಖುಷಿ. ಆ ಖುಷಿ ಆರುವ ಮುಂಚೆಯೇ ರಿಸೆಪ್ಷನ್‌ನಲ್ಲಿ 20 ಸಿಟ್ಟಿಂಗ್ ಪ್ಯಾಕೇಜ್. "ಇವತ್ತೇ ಕಟ್ಟಿದರೆ ಡಿಸ್ಕೌಂಟ್ ಮೇಡಂ." ಕಟ್ಟಿದೆ.

ಆಮೇಲೆ ಆ ಡಾಕ್ಟರ್ ಮುಖ ನೋಡಿದ್ದರೆ ಕೇಳಿ!

ಬರುತ್ತಿದ್ದದ್ದು ಒಬ್ಬ ಹುಡುಗ. ನೋವಿರುವ ಜಾಗಕ್ಕೆ ಸಣ್ಣ ಕರೆಂಟ್ ಕೊಡುವ ಐಎಫ್‌ಟಿ ಮೆಷಿನ್‌ನ ನಾಲ್ಕು ಪ್ಯಾಡ್ ಅಂಟಿಸುವುದು, ಮೇಲೊಂದು ಹಾಟ್ ಪ್ಯಾಕ್ ಹಾಕುವುದು, ಪರದೆ ಎಳೆದು ಹೋಗುವುದು. ಬೆವರಿಗೆ ಒಂದು ಪ್ಯಾಡ್ ಅರ್ಧ ಕಿತ್ತು ಬಂದು ಅಂಚಲ್ಲಿ ಚುರುಚುರು ಚುಚ್ಚುತ್ತಿತ್ತು. ಕರೆದರೆ ಪರದೆ ಆಚೆಯಿಂದ ರೀಲ್ಸ್ ಸದ್ದು. ಟೈಮರ್ ಬೀಪ್ ಅಂದಮೇಲೆ ಬಂದು ಕಾರ್ಡಿಗೆ ಸೀಲ್ ಒತ್ತುತ್ತಿದ್ದ. ಸೀಲ್ ಒತ್ತಿದ, ಗಂಟು ಒತ್ತಲಿಲ್ಲ. ಕರೆಂಟ್, ಬಿಸಿ ಕೊಟ್ಟರೆ ಸ್ವಲ್ಪ ಹೊತ್ತು ಹಾಯ್ ಅನ್ನಿಸುತ್ತದೆ, ನಿಜ. ಆದರೆ ಗಂಟನ್ನು ಒತ್ತಿ ಹಿಡಿಯಬೇಕು, ಸ್ನಾಯು ಸ್ಟ್ರೆಚ್ ಮಾಡಿಸಬೇಕು, ಮನೆಗೆ ವ್ಯಾಯಾಮ ಹೇಳಿಕೊಡಬೇಕು ಅಲ್ವಾ? ಒಂದೂ ಇಲ್ಲ.

ಮೊದಲ ದಿನದ ಹಾಗೆ ಯಾಕೆ ಒತ್ತುವುದಿಲ್ಲ ಅಂತ ಕೇಳಿದೆ. ಉತ್ತರ ಕೇಳಿ: "ಅದು ಮ್ಯಾನ್ಯುವಲ್ ಥೆರಪಿ ಮೇಡಂ, ನಿಮ್ಮ ಪ್ಯಾಕೇಜಲ್ಲಿ ಬರಲ್ಲ."

ಮೈಯೆಲ್ಲ ಉರಿಯಿತು. ತೋರಿಸಿದ್ದು ಕೈ, ಮಾರಿದ್ದು ಮೆಷಿನ್! ಅಕ್ಕಪಕ್ಕದ ಬೆಡ್‌ನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ನಾಚಿಕೆ ಬೇರೆ. "ಬೇಕಾದ್ರೆ ಡ್ರೈ ನೀಡ್ಲಿಂಗ್ ಮಾಡಿಸಿ, ಒಂದು ಸಲಕ್ಕೆ 800." ಅಂದರೆ ಗಂಟಿಗೇ ಸೂಜಿ ಚುಚ್ಚುವುದು. ಯಾರಪ್ಪಾ ಸೂಜಿ ಹಾಕೋದು? "ನಾನೇ, ವರ್ಕ್‌ಶಾಪ್ ಮಾಡಿದೀನಿ." ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಮುಗಿದಿದೆಯಾ? "ಮುಗೀತಾ ಬಂತು ಮೇಡಂ." ಭುಜದ ಆ ಜಾಗದ ಕೆಳಗೇ ಶ್ವಾಸಕೋಶದ ತುದಿ ಇರುತ್ತದೆ. ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶ ತೂತಾಗಬಹುದು. ಅಪರೂಪ, ಆದರೆ ಆಗಿರುವುದುಂಟು. ಇವನ ಕೈಗೆ ಭುಜ ಕೊಡಬೇಕಂತೆ!

ದುಡ್ಡು ವಾಪಸ್ ಕೇಳಿದ್ದಕ್ಕೆ ಮಾಲೀಕರ ವಾಟ್ಸಾಪ್: "ನಾನ್ ರಿಫಂಡಬಲ್. ಉಳಿದ ಸಿಟ್ಟಿಂಗ್ ನಿಮ್ಮ ಮನೆಯವರಿಗೆ ಟ್ರಾನ್ಸ್‌ಫರ್ ಮಾಡ್ತೀವಿ." ನಮ್ಮ ಮನೆಯವರಿಗೆ ನೋವೇ ಇಲ್ಲ ಸ್ವಾಮಿ ಅಂದರೆ, "ಮುನ್ನೆಚ್ಚರಿಕೆಗೆ ಬರಲಿ ಮೇಡಂ." ಜೊತೆಗೆ ಕೈಮುಗಿಯುವ ಇಮೋಜಿ.

ದುಡ್ಡು ಅವತ್ತಿಂದು ಅವತ್ತೇ ಕೊಡಿ. ದಿನಾ ಯಾರು ನೋಡುತ್ತಾರೆ, ಕೈಯಲ್ಲಾ ಮೆಷಿನ್ನಾ, ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಇಂಥ ಕಡೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ದರಪಟ್ಟಿ ಎದುರಿಗೇ ಹಾಕಿರಬೇಕು. ನಾನು ಕೇಳಿದ್ದಕ್ಕೆ ಗೋಡೆ ಮೇಲಿನ ಗೂಗಲ್ ರೇಟಿಂಗ್ ತೋರಿಸಿದರು!

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ದೂರಿನ ನಂಬರ್ ಕಳಿಸಿದ ಮೇಲೆ ಮಾಲೀಕರು ನನ್ನನ್ನು ಬ್ಲಾಕ್ ಮಾಡಿದ್ದಾರೆ.