ಡೀಸೆಲ್ ಕಾರಿನ ಫಿಲ್ಟರ್ ದೀಪ: ಸರ್ವಿಸ್ ಸೆಂಟರ್, ಸ್ಪ್ರೇ ಡಬ್ಬಿ ಮತ್ತು ಪಿ.ಬಿ. ರಸ್ತೆಯ ಗ್ಯಾರೇಜು

ಡೀಸೆಲ್ ಕಾರಿನ ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ಫಿಲ್ಟರಿನ ಎಚ್ಚರಿಕೆ ದೀಪ ಹತ್ತಿದಾಗ ದಾವಣಗೆರೆಯಂತಹ ಊರಿನಲ್ಲಿ ಮಾಲೀಕನ ಮುಂದೆ ಮುಖ್ಯವಾಗಿ ಮೂರು ದಾರಿಗಳಿರುತ್ತವೆ: ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸ ಫಿಲ್ಟರ್ ಹಾಕಿಸುವುದು, ಸ್ಪ್ರೇ ಡಬ್ಬಿಯ ದ್ರಾವಣದಿಂದ ಒಳಗಿನ ಮಸಿಯನ್ನು ಸಡಿಲಿಸುವುದು, ಅಥವಾ ಪಿ.ಬಿ. ರಸ್ತೆಯ ಒಂದು ಅನುಭವಿ ಗ್ಯಾರೇಜಿನಲ್ಲಿ, ಗಾಳಿಯನ್ನು ಒತ್ತಿ ಕಳಿಸುವ ಟರ್ಬೊದಿಂದ ಎಂಜಿನ್ನಿನವರೆಗಿನ ಗಾಳಿಯ ದಾರಿಯನ್ನು ಪರೀಕ್ಷೆ ಮಾಡಿಸಿ, ಸೋರಿಕೆ ಇದ್ದರೆ ಅದನ್ನು ಸರಿಪಡಿಸಿದ ನಂತರವೇ ಫಿಲ್ಟರಿನ ಮಸಿಯನ್ನು ಸುಡಿಸುವುದು. ನನ್ನ ಕಾರಿಗೆ ಎರಡನೆಯದನ್ನೂ ಮೂರನೆಯದನ್ನೂ ಮಾಡಿಸಿದ್ದೇನೆ. ಚಿತ್ರದುರ್ಗದಲ್ಲಿರುವ ನನ್ನ ಭಾವಮೈದುನ ಅದೇ ಮಾದರಿಯ, ಅದೇ 1.5 ಲೀಟರ್ ಎಂಜಿನ್ನಿನ ತನ್ನ ಕಾರಿಗೆ ಮೊದಲನೆಯದನ್ನು ಮಾಡಿಸಿದ್ದಾನೆ. ಮೂರನೆಯದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ, ಅದನ್ನು ಕೊನೆಯವರೆಗೆ ಬಚ್ಚಿಡುವ ಅಗತ್ಯವಿಲ್ಲ.

ಹೊಗೆ ಹೊರಹೋಗುವ ದಾರಿಯ ಫಿಲ್ಟರಿಗೂ ಮುಂಬದಿಯ ಬಂಪರಿನ ಹಿಂದಿರುವ ಇಂಟರ್‌ಕೂಲರಿಗೂ ಏನು ಸಂಬಂಧ ಎಂದು ಹಲವರು ಕೇಳುತ್ತಾರೆ. ಟರ್ಬೊ ಒತ್ತಿ ಕಳಿಸುವ ಗಾಳಿ 120ರಿಂದ 150 ಡಿಗ್ರಿಯವರೆಗೆ ಕಾದಿರುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿ, ಅದೇ ಜಾಗದಲ್ಲಿ ಹೆಚ್ಚು ಆಮ್ಲಜನಕ ಹಿಡಿಯುವಂತೆ ಮಾಡಿ ಎಂಜಿನ್ನಿಗೆ ಕೊಡುತ್ತದೆ. ಆದರೆ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುವುದು ಟರ್ಬೊಗಿಂತ ಮೊದಲು, ಏರ್ ಫಿಲ್ಟರಿನ ಪಕ್ಕದಲ್ಲಿ. ಇಂಟರ್‌ಕೂಲರಿನಲ್ಲಿಯೋ ಅದರ ಹೋಸ್ ಪೈಪಿನಲ್ಲಿಯೋ ಸೋರಿಕೆಯಾದರೆ, ಅಳೆದ ಗಾಳಿಯ ಒಂದು ಪಾಲು ಹೊರಗೆ ಹೋಗುತ್ತದೆ, ಡೀಸೆಲ್ ಮಾತ್ರ ಅಳೆದ ಲೆಕ್ಕಕ್ಕೇ ಬೀಳುತ್ತದೆ, ಸುಡಲಾಗದೆ ಉಳಿದದ್ದು ಮಸಿಯಾಗುತ್ತದೆ. ಫಿಲ್ಟರ್ ಇಲ್ಲದ ಹಳೆಯ ಕಾರಿನಲ್ಲಿ ಇದು ಹಿಂದೆ ಬರುವವರಿಗೆ ಕಪ್ಪು ಹೊಗೆಯಾಗಿ ಕಾಣುತ್ತಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಆ ಮಸಿಯನ್ನು ಫಿಲ್ಟರ್ ಹಿಡಿದಿಟ್ಟುಕೊಳ್ಳುವುದರಿಂದ ಹೊಗೆ ಕಾಣುವುದೇ ಇಲ್ಲ. ಮಾಲೀಕನಿಗೆ ಕಾಣುವುದು ಫಿಲ್ಟರಿನ ದೀಪ ಮಾತ್ರ, ಹಾಗಾಗಿ ಎಲ್ಲರ ಕೈಯೂ ಮೊದಲು ಫಿಲ್ಟರಿನ ಮೇಲೇ ಹೋಗುತ್ತದೆ.

ಭಾವಮೈದುನನ ಕಾರಿನಲ್ಲಿ ಆದದ್ದು ಇದೇ. ಸರ್ವಿಸ್ ಸೆಂಟರಿನ ಸ್ಕ್ಯಾನರಿನಲ್ಲಿ ಪಿ2463 ಎಂಬ ಕೋಡ್ ಬಂತು. ಫಿಲ್ಟರಿನಲ್ಲಿ ಮಸಿ ಮಿತಿಮೀರಿ ಕೂತಿದೆ ಎಂಬುದಷ್ಟೇ ಅದರ ಅರ್ಥ, ಏಕೆ ಕೂತಿದೆ ಎಂಬುದನ್ನು ಅದು ಹೇಳುವುದಿಲ್ಲ. ಲಕ್ಷ ರೂಪಾಯಿ ದಾಟಿದ ಅಂದಾಜುಪಟ್ಟಿ ಕೊಟ್ಟರು, ಅವನು ಒಪ್ಪಿದ, ಹೊಸ ಫಿಲ್ಟರ್ ಬಂತು, ಕೆಲಸವೂ ಅಚ್ಚುಕಟ್ಟಾಗಿತ್ತು. ಕೆಲವು ತಿಂಗಳಲ್ಲಿ ದೀಪ ಮತ್ತೆ ಹತ್ತಿತು. ಈ ಸಲ ಅವನು ಓಡಿಸುವ ರೀತಿಯ ಮೇಲೆ ದೂರು ಬಂತು, ಪೇಟೆಯೊಳಗೇ ಹೆಚ್ಚು ಓಡಿಸುತ್ತೀರಿ ಎಂದರು. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹೊಳಲ್ಕೆರೆ ಕಡೆಗೆ ವಾರವೆಲ್ಲಾ ಓಡಾಡುವ ಮನುಷ್ಯನಿಗೆ ಅದು ಸಾಕಾಗುವ ಉತ್ತರವಲ್ಲ.

ಸ್ಪ್ರೇ ಡಬ್ಬಿಯ ವಿಷಯವನ್ನು ಬೇಗ ಮುಗಿಸಬಹುದು. ಫಿಲ್ಟರಿನ ತಾಪಮಾನದ ಸೆನ್ಸರನ್ನು ಬಿಚ್ಚಿ, ಆ ತೂತಿನಿಂದ ದ್ರಾವಣವನ್ನು ಒಳಗೆ ಬಿಟ್ಟು, ಕಾರನ್ನು ಹೆದ್ದಾರಿಯಲ್ಲಿ ಓಡಿಸಿದರೆ ಮಸಿ ಸಡಿಲವಾಗಿ ಸುಡುತ್ತದೆ, ಎಂಜಿನ್ ಸ್ವಲ್ಪ ದಿನ ಹಗುರವಾಗಿ ಎಳೆಯುತ್ತದೆ. ಖರ್ಚು ಕಡಿಮೆ, ಬಂಪರ್ ಬಿಚ್ಚುವ ಗೋಜಿಲ್ಲ. ಆಯಿಲಿನಿಂದ ಬಂದು ಫಿಲ್ಟರಿನಲ್ಲಿ ಕೂರುವ, ಸುಡಲಾಗದ ಬೂದಿಯ ಮೇಲೆ ಅದರ ಪ್ರಭಾವ ಏನೂ ಇಲ್ಲ, ಮಸಿ ಹುಟ್ಟುವ ಕಾರಣದ ಮೇಲಂತೂ ಇಲ್ಲವೇ ಇಲ್ಲ.

ಇನ್ನು ಗ್ಯಾರೇಜಿನ ವಿಷಯ. ಅಲ್ಲಿಯ ಮೇಸ್ತ್ರಿ ಸ್ಕ್ಯಾನರ್ ಹಾಕಿ ನೋಡಿ, "ಫಿಲ್ಟರ್ ಕೆಟ್ಟಿಲ್ಲ ಸರ್, ಅದಕ್ಕ ಮಸಿ ಜಾಸ್ತಿ ಬರಾಕತ್ತೈತಿ, ಗಾಳಿ ಎಲ್ಲೋ ಹೋಗ್ತೈತಿ ನೋಡ್ರಿ" ಎಂದರು. ಅವರು ನೋಡಿದ್ದು ಎರಡು ಸಂಖ್ಯೆಗಳನ್ನು. ಕೀ ಹಾಕಿ ಎಂಜಿನ್ ಶುರು ಮಾಡದೆ ಇದ್ದಾಗ ಗಾಳಿಯ ಒತ್ತಡದ ಸೆನ್ಸರ್ ಆ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು 94 ಕಿಲೊಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ, ನನ್ನ ಕಾರಿನಲ್ಲೂ ಹಾಗೇ ಇತ್ತು. ಹಾಗೆಯೇ ಫಿಲ್ಟರಿನ ಮುಂದೆ ಮತ್ತು ಹಿಂದೆ ಇರುವ ಒತ್ತಡದ ವ್ಯತ್ಯಾಸ ಎಂಜಿನ್ ನಿಂತಾಗ ಸೊನ್ನೆ ಇರಬೇಕು, ಅದೂ ಇತ್ತು. ಎರಡೂ ಸೆನ್ಸರ್ ಸರಿಯಿವೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಹೊಸ ಸೆನ್ಸರ್ ಹಾಕಿ ನೋಡೋಣ ಎಂಬ ಮಾತಿಗೆ ಅವಕಾಶವೇ ಉಳಿಯಲಿಲ್ಲ, ಈ ಶಿಸ್ತು ನನಗೆ ಹಿಡಿಸಿತು.

ಇಲ್ಲಿಂದ ಮುಂದೆ ನಡೆದದ್ದೇ ಇಡೀ ಪ್ರಸಂಗದ ಕಿರಿಕಿರಿಯ ಭಾಗ. ಟರ್ಬೊದ ಒತ್ತಡ ಕಡಿಮೆ ಎಂದು ಹೇಳುವ ಪಿ0299 ಕೋಡ್ ನನ್ನ ಕಾರಿನಲ್ಲಿ ಎಂದೂ ಬಂದಿರಲಿಲ್ಲ. ಸೋರಿಕೆ ಸಣ್ಣದಾಗಿದ್ದರೆ ಎಂಜಿನ್ನಿನ ಕಂಪ್ಯೂಟರ್ ಟರ್ಬೊವನ್ನು ಇನ್ನಷ್ಟು ದುಡಿಸಿ ಕೊರತೆಯನ್ನು ತುಂಬಿಬಿಡುತ್ತದೆ, ದೂರು ದಾಖಲಾಗುವುದಿಲ್ಲ. ಇದಕ್ಕೆ ಮೊದಲು ಸರ್ವಿಸ್ ಸೆಂಟರಿನಲ್ಲಿ, ಪೈಪುಗಳೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಹೊಗೆ ಯಂತ್ರ ಹಚ್ಚಿ ನೋಡಿ, ಸೋರಿಕೆ ಇಲ್ಲ ಎಂದು ಬರೆದುಕೊಟ್ಟಿದ್ದರು. ಹೋಸ್ ಪೈಪುಗಳೆಲ್ಲಾ ಗಟ್ಟಿಯಾಗಿದ್ದವು, ಕ್ಲಿಪ್ಪುಗಳು ಬಿಗಿಯಾಗಿದ್ದವು, ನಿಂತಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆಯಂತಹ ಸದ್ದೂ ಇರಲಿಲ್ಲ.

ಮೇಸ್ತ್ರಿ ಬಂಪರ್ ಬಿಚ್ಚಿಸಿ, ಟರ್ಬೊ ಕಡೆಯ ಪೈಪಿಗೂ ಎಂಜಿನ್ ಕಡೆಯ ಪೈಪಿಗೂ ಬಿರಡೆ ಹಾಕಿ ಕ್ಲ್ಯಾಂಪ್ ಬಿಗಿದು, ಒಂದು ಬಿರಡೆಗೆ ಟೈರಿನ ವಾಲ್ವ್ ಕೂಡಿಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ 15 ಪಿಎಸ್‌ಐ ಗಾಳಿ ತುಂಬಿದರು. ಇಷ್ಟು ಒತ್ತಡ ಸುಮಾರು ಒಂದು ಬಾರ್ ಆಗುತ್ತದೆ. ಬಿರಡೆ ಸಡಿಲವಿದ್ದರೆ ಅದು ಕಿತ್ತು ಹಾರಿ ಮುಖಕ್ಕೆ ಬಡಿಯಬಹುದು, ಆದ್ದರಿಂದ ಎದುರಿಗೆ ನಿಲ್ಲಬಾರದು. ಸೋಪಿನ ನೀರು ಎರಚಿದರು, ಗುಳ್ಳೆ ಏಳಲಿಲ್ಲ, ಒತ್ತಡದ ಮೀಟರಿನ ಮುಳ್ಳು ಇಳಿಯಲಿಲ್ಲ. ನಾನು ಬಂಪರ್ ಕೂರಿಸಲು ಹೇಳುವಷ್ಟರಲ್ಲಿ ಅವರು ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರು ತರಿಸಿ ಇಂಟರ್‌ಕೂಲರಿನ ಎರಡೂ ತುದಿಯ ಪ್ಲಾಸ್ಟಿಕ್ ತೊಟ್ಟಿಗಳ ಮೇಲೆ ಸುರಿದರು. ಎಡಗಡೆಯ ತೊಟ್ಟಿಯನ್ನು ಅಲ್ಯೂಮಿನಿಯಂ ಜಾಲರಿಗೆ ಮಡಿಚಿ ಕೂಡಿಸಿರುವ ಅಂಚಿನಲ್ಲಿ ಸಾಲಾಗಿ ಗುಳ್ಳೆ ಎದ್ದವು, ಮುಳ್ಳು ನೋಡನೋಡುತ್ತಲೇ ಇಳಿಯಿತು.

ವಿಷಯ ಇಷ್ಟೇ: ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಬಿಸಿಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ನಡುವಿನ ರಬ್ಬರ್ ಗ್ಯಾಸ್ಕೆಟ್ ವಯಸ್ಸಾಗಿ ಗಟ್ಟಿಯಾದ ಮೇಲೆ ಆ ಹಿಗ್ಗುವಿಕೆಯನ್ನು ತುಂಬಲಾರದೆ ಬಾಯಿ ಬಿಡುತ್ತದೆ. ತಣ್ಣಗಿರುವ ಕಾರಿನಲ್ಲಿ, ಕಡಿಮೆ ಒತ್ತಡದ ಹೊಗೆ ಯಂತ್ರದಲ್ಲಿ, ಆ ಬಿರುಕು ಮುಚ್ಚಿಯೇ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಆನಗೋಡಿನ ಕಡೆ ಲಾರಿಯೊಂದನ್ನು ಹಿಂದೆ ಹಾಕಲು ಹೋದಾಗ ಮಾತ್ರ ಪಿಕ್‌ಅಪ್ ಸಾಲದೆ ಬರುತ್ತಿದ್ದುದು, ಬೆಳಿಗ್ಗೆ ಹೊತ್ತು ಕಾರು ಸರಿಯಾಗಿಯೇ ಇರುತ್ತಿದ್ದುದು ಏಕೆ ಎಂಬುದೂ ಇದರಿಂದ ಸ್ಪಷ್ಟವಾಯಿತು. ಆಮೇಲೆ ಭಾವಮೈದುನನ ಕಾರಿನ ಬಂಪರನ್ನೂ ಬಿಚ್ಚಿಸಿದಾಗ ನೀರು ಕಾಯಿಸುವ ಅಗತ್ಯವೂ ಬೀಳಲಿಲ್ಲ. ಒಳಗಿನ ಗಾಳಿಯಲ್ಲಿ ಸ್ವಲ್ಪ ಎಣ್ಣೆಯ ಆವಿ ಇರುವುದು ಸಹಜ. ಅದು ಅಂಚಿನಿಂದ ಜಿನುಗಿದ ಕಡೆಯೆಲ್ಲಾ ಗಣಿ ರಸ್ತೆಯ ಕೆಂಪು ಧೂಳು ಅಂಟಿ ಒಂದು ಬೆರಳಿನ ದಪ್ಪ ಕೂತಿತ್ತು. ಸೋರುವ ಜಾಗವನ್ನು ಧೂಳೇ ಗುರುತು ಮಾಡಿಟ್ಟಿತ್ತು. ಹೊಸ ಫಿಲ್ಟರಿಗೆ ಕೊಟ್ಟ ಹಣದ ಹತ್ತನೆಯ ಒಂದು ಭಾಗಕ್ಕೆ ಮುಗಿಯಬೇಕಾದ ಕೆಲಸ ಅದು.

ಇಂಟರ್‌ಕೂಲರನ್ನು ಏನು ಮಾಡಬೇಕು ಎಂಬುದರಲ್ಲಿಯೂ ಆಯ್ಕೆಗಳಿವೆ. ರೇಡಿಯೇಟರ್ ರಿಪೇರಿಯವರು ಅಂಚನ್ನು ಮತ್ತೆ ಮಡಿಚಿ ಎಪಾಕ್ಸಿ ಅಂಟು ಹಚ್ಚಿಕೊಡುತ್ತಾರೆ. ಎಣ್ಣೆ ಕುಡಿದ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದು ಕಷ್ಟ, ಬಿಸಿ-ತಂಪಿನ ಎಳೆದಾಟದಲ್ಲಿ ಮತ್ತೆ ಬಿಡುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೆಯದನ್ನು ತರಿಸುವವರೂ ಇದ್ದಾರೆ, ಆದರೆ ಆ ಕಾರಿನ ಟರ್ಬೊ ಒಡೆದಿದ್ದರೆ ಲೋಹದ ಚೂರುಗಳು ಇಂಟರ್‌ಕೂಲರಿನೊಳಗೇ ಉಳಿದಿರುತ್ತವೆ, ಅವು ನೇರವಾಗಿ ನಮ್ಮ ಎಂಜಿನ್ನಿನ ಸಿಲಿಂಡರಿಗೆ ಬರುತ್ತವೆ. ತೊಟ್ಟಿಯೂ ಅಲ್ಯೂಮಿನಿಯಮ್ಮಿನದೇ ಆಗಿ ವೆಲ್ಡ್ ಮಾಡಿದ ಹೊರಗಿನ ಮಾಲು ಗಟ್ಟಿಯಾದದ್ದು, ಬೆಲೆಯೂ ಹೆಚ್ಚು, ಬಂಪರಿನ ಹಿಂದಿನ ಜಾಗಕ್ಕೆ ಹೊಂದಿಸಲು ಬ್ರಾಕೆಟ್ ಕೊಯ್ಯಬೇಕಾಗುತ್ತದೆ. ನಾನು ಬಿಡಿಭಾಗದ ಕೌಂಟರಿನಲ್ಲಿ ಕಂಪನಿಯದ್ದನ್ನೇ ಕೊಂಡೆ. ಅದೂ ಪ್ಲಾಸ್ಟಿಕ್ ತೊಟ್ಟಿಯದ್ದೇ, ಕೆಲವು ವರ್ಷಗಳ ನಂತರ ಅದೇ ಅಂಚು ಮತ್ತೆ ಸೋರಬಹುದು. ಈ ಬೆಲೆಗೆ ಅದು ನನಗೆ ಒಪ್ಪಿಗೆ.

ಸೋರಿಕೆ ನಿಂತ ಮೇಲೆ ಫಿಲ್ಟರಿನ ಕೆಲಸ ಸುಲಭ. ಒಳಗೆ ಕೂತ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅದಕ್ಕಾಗಿ ಕಂಪ್ಯೂಟರ್ ಸಿಲಿಂಡರಿನಲ್ಲಿ ಮಾಮೂಲಿ ಉರಿ ಮುಗಿಯುವ ಹೊತ್ತಿಗೆ, ತಡವಾಗಿ, ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ದೀಪ ಹತ್ತಿದ್ದ ನನ್ನ ಕಾರಿಗೆ ಮೇಸ್ತ್ರಿ ಸ್ಕ್ಯಾನರಿನಿಂದಲೇ ಈ ಸುಡುವಿಕೆಯನ್ನು ನಿಂತಲ್ಲಿ ಶುರುಮಾಡಿಸಿದರು. ಹಾಗೆ ಮಾಡುವಾಗ ಕಾರಿನ ಕೆಳಗೆ ಒಣಹುಲ್ಲು ಇರಬಾರದು. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಸರ್ವಿಸ್ ರಸ್ತೆಯ ತುಂಬಾ ಮೆಕ್ಕೆಜೋಳದ ಒಣ ಸಿಪ್ಪೆ ಬಿದ್ದಿರುವುದರಿಂದ ಈ ಎಚ್ಚರಿಕೆ ಬರೀ ಪುಸ್ತಕದ ಮಾತಲ್ಲ. ಕೆಲವು ಕಡೆ ಸುಡುವ ಬದಲು ಮಸಿಯ ಲೆಕ್ಕವನ್ನು ಮಾತ್ರ ಸ್ಕ್ಯಾನರಿನಲ್ಲಿ ಸೊನ್ನೆ ಮಾಡಿ ಕಳಿಸುತ್ತಾರೆ. ದೀಪ ಆರುತ್ತದೆ, ಮಸಿ ಒಳಗೇ ಇರುತ್ತದೆ, ಮುಂದೆ ಅಷ್ಟೂ ಮಸಿ ಒಮ್ಮೆಲೇ ಹೊತ್ತಿದರೆ ಫಿಲ್ಟರಿನ ಪಿಂಗಾಣಿಯ ಗೂಡು ಬಿರಿಯುತ್ತದೆ ಅಥವಾ ಕರಗುತ್ತದೆ. ಆಗ ಲಕ್ಷದ ಬಿಲ್ಲು ನಿಜವಾಗಿಯೂ ಬರುತ್ತದೆ.

ಸುಡುವಿಕೆ ಹಲವು ಸಲ ಅರ್ಧಕ್ಕೆ ನಿಂತ ಕಾರಿನಲ್ಲಿ ಆ ಹೆಚ್ಚುವರಿ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಸಂತೋಷಪಡಬಾರದು, ಬದಲಿಸಬೇಕು. ನಾನು ಈ ಕೆಲಸದ ಜೊತೆಗೇ ಕಡಿಮೆ ಬೂದಿಯ ಸಿ3 ದರ್ಜೆಯ ಆಯಿಲ್ ಹಾಕಿಸಿದೆ.

ಫಿಲ್ಟರನ್ನು ಬಿಚ್ಚಿ ವಾಟರ್ ಸರ್ವಿಸ್‌ನವರ ಜೋರು ನೀರಿನಿಂದ ತೊಳೆಸುವುದು ಬೇಡ, ಅದರ ಒಳಲೇಪನ ಹಾಳಾಗುತ್ತದೆ. ಫಿಲ್ಟರನ್ನು ಒಡೆದು ಖಾಲಿ ಡಬ್ಬ ಕೂರಿಸಿ, ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿಕೊಡುವವರೂ ಸಿಗುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅಂತಹ ಮಾರ್ಪಾಡಿಗೆ ಅವಕಾಶವಿಲ್ಲ, ಮೇಲಾಗಿ ಆ ಮಸಿ ಹೋಗುವುದು ನಮ್ಮದೇ ಓಣಿಯ ಮಕ್ಕಳ ಎದೆಯೊಳಗೆ. ಈ ದಾರಿಯನ್ನು ನಾನು ಹೋಲಿಕೆಗೆ ತೆಗೆದುಕೊಂಡಿಲ್ಲ.

ನನ್ನ ತೀರ್ಮಾನಕ್ಕೆ ನನ್ನ ಓಡಾಟವೂ ಜೇಬೂ ಕಾರಣ. ವಾರದ ದಿನಗಳಲ್ಲಿ ನನ್ನ ಕಾರು ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ಬರುವುದರಲ್ಲೇ ಮುಗಿಯುತ್ತದೆ, ಆ ದೂರದಲ್ಲಿ ಫಿಲ್ಟರ್ ಬಿಸಿಯಾಗುವುದೇ ಇಲ್ಲ. ಆದರೆ ಭಾನುವಾರ ಚಿತ್ರದುರ್ಗಕ್ಕೆ ಹೋಗುವ ರೂಢಿ ಇದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್, ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು, ಒಂದು ಗೇರ್ ಕಡಿಮೆಯಲ್ಲಿ 2000 ಆರ್‌ಪಿಎಂ ಮೇಲಿಟ್ಟು ಹೆಬ್ಬಾಳು ಟೋಲ್ ದಾಟಿ ಓಡಿಸಿದರೆ ಸುಡುವಿಕೆ ತಾನಾಗಿಯೇ ಪೂರ್ತಿಯಾಗುತ್ತದೆ. ಟೋಲಿನಲ್ಲಿ ನಿಂತಾಗ ಐಡಲ್ ಏರಿರುವುದು, ಇಳಿದ ಮೇಲೂ ಫ್ಯಾನ್ ಓಡುತ್ತಿರುವುದು ಕಂಡರೆ ಕಾರನ್ನು ಆಫ್ ಮಾಡದೆ ಇನ್ನೊಂದಿಷ್ಟು ದೂರ ಹೋಗಿಬರುವುದು ಲೇಸು. ಇಂತಹ ಹೆದ್ದಾರಿಯ ಓಡಾಟ ಇಲ್ಲದವರಿಗೆ, ಕಾರನ್ನು ಮನೆ ಮತ್ತು ಅಂಗಡಿಯ ನಡುವೆ ಮಾತ್ರ ಬಳಸುವವರಿಗೆ, ಇಂಟರ್‌ಕೂಲರ್ ಎಷ್ಟೇ ಸರಿಯಿದ್ದರೂ ದೀಪ ಮತ್ತೆ ಹತ್ತುತ್ತದೆ. ಅವರು ಮುಂದಿನ ಸಲ ಪೆಟ್ರೋಲ್ ಕಾರು ಕೊಳ್ಳುವುದು ಒಳ್ಳೆಯದು.

ವಾರಂಟಿ ಇನ್ನೂ ಇರುವ ಕಾರಾದರೆ ಹೊರಗಿನ ಗ್ಯಾರೇಜಿಗೆ ಹೋಗುವ ಮೊದಲು ಸರ್ವಿಸ್ ಸೆಂಟರಿನಲ್ಲೇ, ಎಂಜಿನ್ ಕಾದಿರುವಾಗ ಒತ್ತಡದ ಪರೀಕ್ಷೆ ಮಾಡಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ವಾರಂಟಿ ಮುಗಿದಿದ್ದರೆ ಫಿಲ್ಟರಿನ ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ ಈ ಪರೀಕ್ಷೆಗೆ ಅರ್ಧ ದಿನ ಕೊಡಿ. ನನ್ನ ಫಿಲ್ಟರಿನಲ್ಲಿಯೂ ಸುಡಲಾಗದ ಬೂದಿ ಕೂರುತ್ತಲೇ ಇದೆ, ಅದು ಆಯಿಲಿನಿಂದ ಬರುವಂಥದ್ದು. ಲಕ್ಷ ಕಿಲೋಮೀಟರ್ ದಾಟಿ, ಸುಟ್ಟ ನಂತರವೂ ಒತ್ತಡದ ವ್ಯತ್ಯಾಸ ಇಳಿಯದ ದಿನ ಬಂದರೆ ಫಿಲ್ಟರನ್ನು ಬಿಚ್ಚಿಸಿ ಬೆಂಗಳೂರಿನಲ್ಲಿ ಯಂತ್ರದಿಂದ ಬೂದಿ ತೆಗೆಸುತ್ತೇನೆ, ಹೊಸದರ ಬೆಲೆಯನ್ನು ಆಮೇಲೆ ಕೇಳುತ್ತೇನೆ.