ಒಂದೇ ಮುಳುಗಡೆ ಕಥೆ, ಮೂರು ಥರದ ಸೋಲೋ ಜರ್ನಲಿಂಗ್ ಗೇಮ್: ನಾನು ಮಾಡಿ ನೋಡಿದ್ದು

ಸೋಲೋ ಜರ್ನಲಿಂಗ್ ಗೇಮ್ ಅಂದ್ರೆ ಒಬ್ರೇ ಕೂತು ಆಡೋ ಆಟ, ದಾಳ ಹಾಕ್ತೀರ ಇಲ್ಲಾ ಇಸ್ಪೀಟ್ ಎಲೆ ಎತ್ತುತೀರ, ಬಿದ್ದಿದ್ದಕ್ಕೆ ಪುಸ್ತಕದಲ್ಲಿ ಒಂದು ಪ್ರಶ್ನೆ ಇರತ್ತೆ, ಅದಕ್ಕೆ ಉತ್ತರನ ನಿಮ್ಮ ಪಾತ್ರದ ಡೈರಿ ಥರ ಬರೀತಾ ಹೋಗ್ತೀರ. ಕನ್ನಡದಲ್ಲಿ ಇಂಥದ್ದೊಂದು ಮಾಡ್ಬೇಕು ಅಂತ ನಂಗೆ ಬಹಳ ದಿನದಿಂದ ಆಸೆ. ಕಥೆ ಯಾವುದು ಅನ್ನೋದ್ರಲ್ಲಿ ಡೌಟೇ ಇರ್ಲಿಲ್ಲ, ನಮ್ಮಜ್ಜಿ ಹುಟ್ಟಿದ ಊರು ಲಿಂಗನಮಕ್ಕಿ ನೀರಿನಡಿ ಇದೆ. 1964ರಲ್ಲಿ ಡ್ಯಾಮ್ ಮುಗೀತು, ಆ ಊರಿನ ಒಬ್ಬ ವ್ಯಕ್ತಿ ಬರೆಯೋ ಡೈರಿನೇ ಗೇಮ್. ಆದ್ರೆ ಯಾವ ರೂಲ್ಸ್ ಮೇಲೆ ಕಟ್ಟೋದು ಅಂತ ಗೊತ್ತಾಗ್ಲಿಲ್ಲ, ಹಂಗಾಗಿ ಅದೇ ಕಥೆನ ಮೂರು ಸಲ ಮೂರು ಥರ ಕಟ್ಟಿ, ನಾನೂ ಆಡಿ, ಸ್ನೇಹಿತರಿಗೂ ಆಡಿಸಿದೆ.

ಮೊದಲನೇದು ರೆಚೆಡ್ ಅಂಡ್ ಅಲೋನ್ ಅನ್ನೋ ಸಿಸ್ಟಮ್. ಕ್ರಿಸ್ ಬಿಸೆಟ್ ಅವ್ರು 2020ರಲ್ಲಿ ತಂದ ದಿ ರೆಚೆಡ್ ಅನ್ನೋ ಗೇಮಿಂದ ಹುಟ್ಟಿದ್ದು, ಅದ್ರ ರೂಲ್ಸ್ ತಗೊಂಡು ಎಷ್ಟೋ ಜನ ತಮ್ಮ ಗೇಮ್ ಮಾಡಿದಾರೆ, ಹೊಸಬ್ರಿಗೆ ಶುರು ಮಾಡೋಕೆ ಇದೇ ಸುಲಭ. ಒಂದು ಕಟ್ಟು ಇಸ್ಪೀಟ್, ಒಂದು ದಾಳ, ಒಂದು ಜೆಂಗಾ ಸೆಟ್ (ಮರದ ತುಂಡಿನ ಗೋಪುರ ಕಟ್ಟಿ, ಬೀಳಿಸದೆ ಒಂದೊಂದೇ ಎಳೆಯೋ ಆಟ) ಬೇಕು. ದಿನಕ್ಕೊಂದ್ಸಲ ದಾಳ ಹಾಕಿ, ಬಿದ್ದಷ್ಟು ಎಲೆ ಎತ್ತಿ, ಪ್ರಶ್ನೆ ಓದಿ, ಹೇಳಿದಾಗ ಜೆಂಗಾ ಗೋಪುರದಿಂದ ಒಂದು ತುಂಡು ಎಳೀಬೇಕು. ಗೋಪುರ ಬಿದ್ರೆ ಕಥೆ ಮುಗೀತು, ನಾಲ್ಕು ರಾಜ ಬಂದ್ರೂ ಮುಗೀತು. ನಾನು ಆಟಿನ್ ಅಂದ್ರೆ ಮನೆ, ಡೈಮನ್ ಅಂದ್ರೆ ಗದ್ದೆ ತೋಟ, ಕಳಾವರ್ ಅಂದ್ರೆ ಊರ ಜನ, ಇಸ್ಪೀಟ್ ಅಂದ್ರೆ ನೀರು ಅಂತ ಮಾಡ್ಕೊಂಡೆ. 52 ಪ್ರಶ್ನೆ ಬರಿಯೋಕೆ ಒಂದು ತಿಂಗಳು ಹಿಡೀತು. ಲೆಕ್ಕ ಹಾಕಿದ್ರೆ ನಾಲ್ಕನೇ ರಾಜ ಸರಾಸರಿ 42ನೇ ಎಲೆ ಹತ್ರ ಬರ್ತಾನೆ, ದಾಳದ ಸರಾಸರಿ ಮೂರೂವರೆ, ಅಂದ್ರೆ ಗೋಪುರ ಉಳಿದ್ರೂ ಹನ್ನೆರಡು ದಿನದ ಡೈರಿ ಆಗತ್ತೆ. ಅಷ್ಟು ಉದ್ದ ಸರಿಯಾಗೇ ಇದೆ.

ಜೆಂಗಾ ಎಲ್ರ ಮನೇಲೂ ಇರಲ್ಲ ಅಂತ ಬೆಂಕಿಪೊಟ್ಟಣ ಇಟ್ಟು ನೋಡಿದೆ, ತುಂಬಾ ಹಗುರ, ಫ್ಯಾನ್ ಗಾಳಿಗೇ ಬೀಳ್ತಿತ್ತು. ಎಳೆಯೋ ಬದ್ಲು ಒಂದರ ಮೇಲೊಂದು ಪೇರಿಸೋ ಹಂಗೆ ಬದಲಾಯಿಸಿದೆ, ನೀರಿನ ಮಟ್ಟ ಏರಿದ ಹಂಗೆ ಕಾಣ್ತಿತ್ತು, ಆ ಐಡಿಯಾ ನಂಗೆ ಈಗ್ಲೂ ಇಷ್ಟ. ಆಡುವಾಗ ಕೈ ನಡುಗತ್ತೆ, ಎದೆ ಹೊಡ್ಕೊಳ್ಳತ್ತೆ, ಎಲ್ಲಾ ನಿಜ. ಆದ್ರೆ ನಾಲ್ಕನೇ ಸಲ ಆಡಿದ ಮೇಲೆ ಅನ್ನಿಸಿದ್ದು, ಈ ಭಯ ಬೇರೆ ಜಾತೀದು. ಗೋಪುರ ಯಾವ ಕ್ಷಣ ಬೀಳತ್ತೋ ಗೊತ್ತಿರಲ್ಲ, ದಿ ರೆಚೆಡ್‌ನಲ್ಲಿರೋ, ಬಾಹ್ಯಾಕಾಶ ನೌಕೇಲಿ ಒಬ್ರೇ ಸಿಕ್ಕಾಕೊಂಡ ಕಥೆಗೆ ಅದು ಸರಿ. ಮುಳುಗಡೆ ಹಂಗೆ ಬರಲ್ಲ. ನೋಟೀಸ್ ಮೊದ್ಲೇ ಬಂದಿರತ್ತೆ, ನೀರು ಎಲ್ಲೀವರೆಗೆ ಬರತ್ತೆ ಅಂತ ಎಲ್ರಿಗೂ ಗೊತ್ತು, ಈಗ್ಲೂ ಮಳೆಗಾಲದಲ್ಲಿ ಪೇಪರಲ್ಲಿ ಬರತ್ತಲ್ಲ ಗರಿಷ್ಠ ಮಟ್ಟ 1819 ಅಡಿ ಅಂತ, ಆ ಗೆರೆ ಕೆಳಗಿದ್ದೋರೆಲ್ಲ ಗೊತ್ತಿದ್ದೂ ಗೊತ್ತಿದ್ದೂ ಕಾದಿದ್ದು. ಆ ಕಾಯೋದು ಗೋಪುರದಲ್ಲಿ ಬರ್ಲೇ ಇಲ್ಲ.

ಎರಡನೇದು ಕಾರ್ಟಾ. ಎಲೆಗಳನ್ನ ಬೋರಲು ಹಾಕಿ ಚೌಕವಾಗಿ ಹರಡೋದು, ಒಂದೊಂದೇ ಎಲೆಗೆ ನಡ್ಕೊಂಡು ಹೋಗಿ ತಿರುಗಿಸಿ ಓದೋದು. ಊರಿನ ನಕ್ಷೆಗೆ ಹೇಳಿ ಮಾಡಿಸಿದ ಹಂಗಿದೆ, ಕೆಳಗಿನ ಸಾಲಿಂದ ಒಂದೊಂದೇ ಸಾಲು ಮುಳುಗಿಸ್ತಾ ಬಂದೆ. ನನ್ನ ಅಕ್ಕನ ಮಗಳಿಗೆ ಇದೇ ಬಹಳ ಇಷ್ಟ ಆಯ್ತು. ಆದ್ರೆ ಯಾರೂ ಬರೀಲಿಲ್ಲ, ಮುಂದಿನ ಎಲೆ ಯಾವುದು ಅನ್ನೋ ಅವಸರದಲ್ಲಿ ಒಂದೊಂದು ಸಾಲು ಗೀಚಿ ಮುಂದೆ ಹೋದ್ರು. ನಂಗೆ ಬೇಕಿದ್ದಿದ್ದು ಡೈರಿ, ಅದಕ್ಕೆ ಬಿಟ್ಟೆ.

ಮೂರನೇದು ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್ ಅನ್ನೋ ಟಿಮ್ ಹಚಿಂಗ್ಸ್ ಅವರ ಗೇಮಿನ ದಾರಿ. ಅದರ ಪ್ರಶ್ನೆಗಳು ಅವ್ರದ್ದು, ಅದನ್ನ ಮುಟ್ಟೋ ಹಂಗಿಲ್ಲ, ನಾನು ತಗೊಂಡಿದ್ದು ಒಳಗಿನ ಲೆಕ್ಕ ಮಾತ್ರ. ಪಾತ್ರಕ್ಕೆ ಐದೇ ನೆನಪು ಇಟ್ಕೊಳ್ಳೋಕೆ ಜಾಗ, ಒಂದೊಂದರಲ್ಲಿ ಮೂರು ಅನುಭವ. ಆರನೇದು ಬಂದ್ರೆ ಹಳೇದೊಂದನ್ನ ನೀವೇ ಹೊಡೆದು ಹಾಕ್ಬೇಕು, ಇಲ್ಲಾ ಪಾತ್ರದ ಹತ್ರ ಇರೋ ಡೈರಿಗೆ ಹಾಕ್ಬೇಕು, ಡೈರೀಲೂ ನಾಲ್ಕೇ ಹಿಡಿಯೋದು, ಆ ಡೈರೀನೂ ಕಳ್ದುಹೋಗ್ಬೋದು. ಇದನ್ನ ಕೈಗೆತ್ಕೊಂಡಾಗ ಕಥೆನೇ ಜಾಗ ಬದಲಾಯಿಸ್ತು. ನೀರು ಬರೋ ಮುಂಚಿನ ತಿಂಗಳುಗಳ ಬದ್ಲು ನೀರು ಬಂದಮೇಲಿನ ಅರವತ್ತು ವರ್ಷ, ಲಾರೀಲಿ ಸಾಮಾನು ಹೇರ್ಕೊಂಡು ಗೊತ್ತಿಲ್ಲದ ಜಾಗಕ್ಕೆ ಹೋಗಿ, ಹಕ್ಕುಪತ್ರಕ್ಕೆ ಅಲೆದು, ಮಕ್ಕಳು ಬೆಂಗಳೂರಿಗೆ ಹೋಗಿ, ಅಷ್ಟರಲ್ಲಿ ಹಳೇ ಊರು ಒಂದೊಂದೇ ತುಂಡಾಗಿ ಮರೆತು ಹೋಗೋದು. ಮೂರನೇ ಸಲ ಆಡುವಾಗ ಹೊಸ ಮನೆಗೆ ಕರೆಂಟ್ ಬಂದ ನೆನಪಿಗೆ ಜಾಗ ಬೇಕಿತ್ತು, ಹೊಳೆದಂಡೇಲಿ ಅಮ್ಮ ತಲೆ ಬಾಚಿದ್ದನ್ನ ಹೊಡೆದು ಹಾಕಿದೆ, ಪೆನ್ನಲ್ಲಿ ಗೆರೆ ಎಳೆದು ಸ್ವಲ್ಪ ಹೊತ್ತು ಹಂಗೇ ಕೂತ್ಬಿಟ್ಟೆ. ಗೋಪುರ ಬಿದ್ದಾಗ ಒಂದ್ಸಲಾನೂ ಹಿಂಗಾಗಿರ್ಲಿಲ್ಲ. ಅಲ್ಲಿ ಕೈ ಜಾರಿ ಕಳ್ಕೊತೀವಿ, ಇಲ್ಲಿ ನಾವೇ ಆರಿಸಿ ಕಳ್ಕೊಬೇಕು.

ಇದ್ರಲ್ಲಿ ಹತ್ತು ಮುಖದ ದಾಳದಿಂದ ಆರು ಮುಖದ್ದನ್ನ ಕಳೆದು ಪ್ರಶ್ನೆಗಳ ಪಟ್ಟೀಲಿ ಅಷ್ಟು ಹೆಜ್ಜೆ ಹೋಗೋದು. ಹತ್ತು ಮುಖದ ದಾಳ ನಮ್ಮಲ್ಲಿ ಸುಲಭಕ್ಕೆ ಸಿಗಲ್ಲ ಅಂತ ಚೌಕಾಬಾರದ ನಾಲ್ಕು ಕವಡೆ ಹಾಕಿ ನೋಡಿದೆ. ಕವಡೇಲಿ ಸರಾಸರಿ ಎರಡೂವರೆ ಬೀಳತ್ತೆ, ದಾಳದಲ್ಲಿ ಎರಡು, ಮೇಲ್ನೋಟಕ್ಕೆ ಒಂದೇ ಥರ. ಆದ್ರೆ ಕವಡೆ ಮುಂದಕ್ಕೆ ಮಾತ್ರ ಹೋಗತ್ತೆ. ದಾಳದಲ್ಲಿ 60ರಲ್ಲಿ 15 ಸಲ ಹಿಂದಕ್ಕೆ ಬರ್ತೀವಿ, ಹಿಂದೆ ಬಂದಾಗ ಹಳೇ ಜಾಗದಲ್ಲೇ ಎರಡನೇ ಪ್ರಶ್ನೆ ಕಾದಿರತ್ತೆ, ಮರೆವಿನ ಗೇಮಿಗೆ ಆ ವಾಪಸ್ ಬರೋದೇ ಜೀವ. ಚೌಕ ಇಲ್ಲಾ ಬಾರಾ ಬಿದ್ರೆ ಹಿಂದಕ್ಕೆ ಅಂತ ರೂಲ್ ಮಾಡಿದ್ರೂ 16ರಲ್ಲಿ ಎರಡೇ ಸಲ ಬಂತು ಲೆಕ್ಕಕ್ಕೆ, ಅರ್ಧಕ್ಕರ್ಧ ಕಮ್ಮಿ. ಕವಡೆ ಬಿಡೋಕೆ ಮನಸ್ಸಿರ್ಲಿಲ್ಲ ಆದ್ರೂ ಬಿಟ್ಟೆ. ಈಗ ಹತ್ತರ ದಾಳದ ಬದ್ಲು ಎಕ್ಕದಿಂದ ಹತ್ತರವರೆಗಿನ ಹತ್ತು ಎಲೆ ಕಲಸಿ ಒಂದು ಎತ್ತೋದು, ನೋಡಿ ವಾಪಸ್ ಸೇರ್ಸೋದು, ಲೆಕ್ಕ ಅದೇ ಬರತ್ತೆ.

ಭಾಷೇಲೂ ಎರಡು ಥರ ಮಾಡಿ ನೋಡಿದೆ. ಮೊದ್ಲು ಎಲ್ಲಾ ಪ್ರಶ್ನೆನೂ "ನೀವು" ಅಂತ ಬರೆದೆ, "ನೀವು ಯಾವ ವಸ್ತುವನ್ನು ಬಿಟ್ಟು ಬಂದಿರಿ" ಅಂತ ಓದಿದ್ರೆ ಪರಿಹಾರದ ಅರ್ಜಿ ಫಾರಂ ಓದಿದ ಹಂಗೆ. "ಏನು ಬಿಟ್ಟು ಬಂದೆ? ಯಾರಿಗೂ ಯಾಕೆ ಹೇಳಲಿಲ್ಲ?" ಅಂತ ಬದಲಾಯಿಸಿದೆ, ತಾನೇ ತನ್ನನ್ನ ಕೇಳ್ಕೊಂಡ ಹಂಗೂ ಆಯ್ತು, ಅಜ್ಜಿ ಮೊಮ್ಮಕ್ಕಳನ್ನ ಕೇಳಿದ ಹಂಗೂ ಆಯ್ತು, ಆಡೋರು ಗಂಡೋ ಹೆಣ್ಣೋ ಅನ್ನೋ ತಲೆನೋವೂ ಇಲ್ಲ. ಇಡೀ ಪ್ರಾಜೆಕ್ಟಲ್ಲಿ ಬರವಣಿಗೆಗೆ ಅತಿ ಹೆಚ್ಚು ಸಹಾಯ ಆಗಿದ್ದು ಈ ಒಂದು ಬದಲಾವಣೆ.

ಲೇಔಟಿಗೆ ದುಡ್ಡು ಕೊಟ್ಟು ತಗೊಂಡ ಒಂದು ಸಾಫ್ಟ್‌ವೇರಲ್ಲಿ ಒತ್ತಕ್ಷರ ಎಲ್ಲಾ ಒಡೆದು ಹೋಯ್ತು, ಎರಡು ವಾರ ವೇಸ್ಟ್. ಆಮೇಲೆ ಸ್ಕ್ರೈಬಸ್‌ನಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದೆ, ಫ್ರೀ, ಅಕ್ಷರ ಸರಿಯಾಗಿ ಬರತ್ತೆ. ಯಾವ ಸಾಫ್ಟ್‌ವೇರೇ ಆಗ್ಲಿ, "ರಾಷ್ಟ್ರ" "ಸ್ತ್ರೀ" ಅಂತ ಟೈಪ್ ಮಾಡಿ ಪಿಡಿಎಫ್ ತೆಗೆದು ನೋಡಿ ಆಮೇಲೆ ದುಡ್ಡು ಕೊಡಿ.

ಮಾರೋಕೆ ಇಚ್.ಐಒ ಮತ್ತು ಡ್ರೈವ್‌ಥ್ರೂಆರ್‌ಪಿಜಿ ಅನ್ನೋ ಎರಡು ಆನ್‌ಲೈನ್ ಸೈಟನ್ನೂ ನೋಡಿದೆ. ಇಚ್‌ನಲ್ಲಿ ಸೈಟಿಗೆ ಎಷ್ಟು ಪಾಲು ಅಂತ ನಾವೇ ಇಡ್ಬೋದು, ಸುಮ್ನೆ ಬಿಟ್ರೆ 10 ಪರ್ಸೆಂಟ್. ಡ್ರೈವ್‌ಥ್ರೂನಲ್ಲಿ ಅವ್ರಲ್ಲಿ ಮಾತ್ರ ಮಾರಿದ್ರೆ ನಮಗೆ 70, ಬೇರೆ ಕಡೆನೂ ಮಾರಿದ್ರೆ 65. ದುಡ್ಡಿಗಿಂತ ನಂಗೆ ಮುಖ್ಯ ಆಗಿದ್ದು ಇಚ್‌ನ ಕಮ್ಯುನಿಟಿ ಕಾಪಿ ಪದ್ಧತಿ, ಕೊಳ್ಳೋಕೆ ಆಗದೇ ಇರೋರಿಗೆ ಇಷ್ಟು ಪ್ರತಿ ಅಂತ ಫ್ರೀಯಾಗಿ ಎತ್ತಿಡ್ಬೋದು, ಮುಳುಗಡೆ ಕುಟುಂಬದ ಮಕ್ಕಳು ಇದನ್ನ ಆಡೋಕೆ ದುಡ್ಡು ಕೊಡ್ಬೇಕು ಅಂದ್ರೆ ನಂಗೆ ಸರಿ ಅನ್ಸಲ್ಲ. ಹಂಗಾಗಿ ಇಚ್.

ಆದ್ರೆ ನಮ್ಮ ಕಡೆ ಓದೋರಿಗೆ ಕೈಗೆ ಪುಸ್ತಕ ಕೊಟ್ರೇನೇ ಆಟ ಶುರುವಾಗೋದು, ಪಿಡಿಎಫ್ ಕಳ್ಸಿದೋರಲ್ಲಿ ಹೆಚ್ಚಿನೋರು ಫೋನಲ್ಲಿ ಓದಿ ಚೆನ್ನಾಗಿದೆ ಅಂದು ಬಿಟ್ರು. ಅದಕ್ಕೆ ಎ5 ಸೈಜಲ್ಲಿ 24 ಪುಟ, ಅಂದ್ರೆ ಆರೇ ಎ4 ಶೀಟು ಎರಡೂ ಕಡೆ ಪ್ರಿಂಟ್ ಹಾಕಿ, ಮಧ್ಯ ಪಿನ್ ಹೊಡೆದು 30 ಪ್ರತಿ ಮಾಡಿಸಿದೆ. ನೆನಪು ಬರೆಯೋಕೆ ಜಾಗ ಪುಸ್ತಕದೊಳಗೇ ಕೊಟ್ಟಿದ್ದೆ, ಆದ್ರೆ ಅಚ್ಚಾದ ಪುಸ್ತಕದ ಮೇಲೆ ಗೀಚೋಕೆ ಯಾರಿಗೂ ಮನಸ್ಸು ಬರ್ಲಿಲ್ಲ, ಹೊಡೆದು ಹಾಕೋದಂತೂ ದೂರದ ಮಾತು. ಎರಡನೇ ಪ್ರಿಂಟಲ್ಲಿ ಪುಟ ಅಷ್ಟೇ ಇರತ್ತೆ, ಜೊತೆಗೆ ಐದು ಬಿಡಿ ಚೀಟಿ ಬೇರೆ ಕಾಗದದಲ್ಲಿ ಕತ್ತರಿಸಿ ಒಳಗಿಡ್ತಿದೀನಿ, ಮರೆತ ನೆನಪನ್ನ ಗೆರೆ ಎಳೆಯೋ ಬದ್ಲು ಒಂದು ಬಟ್ಟಲು ನೀರಿಗೆ ಹಾಕಿ ಅಂತ ರೂಲ್ ಬದಲಾಯಿಸಿದೀನಿ. ಇಂಕ್ ಪೆನ್ನಲ್ಲಿ ಬರೆದಿದ್ರೆ ಅಕ್ಷರ ನಿಧಾನಕ್ಕೆ ಬಿಡ್ಕೊಳ್ಳತ್ತೆ, ಬಾಲ್ ಪೆನ್ ಆದ್ರೆ ಹಂಗೇ ಉಳ್ಕೊಳ್ಳತ್ತೆ, ಅದಕ್ಕೆ ಇಂಕ್ ಪೆನ್ನೇ ಬೇಕು ಅಂತ ಮೊದಲನೇ ಪುಟದಲ್ಲೇ ಹಾಕಿದೀನಿ.