ಫ್ರೆಡ್ಡಿ ನೆನಪಿನ ಸಂಜೆ: ಮೊದಲು ಯಾರ ಹಾಡು ನೋಡಲಿ?

1992ರ ಏಪ್ರಿಲ್ 20. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಏಡ್ಸ್‌ನಿಂದ ತೀರಿಕೊಂಡ ‘ಕ್ವೀನ್’ ರಾಕ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ನೆನಪಿಗೆ, ಏಡ್ಸ್ ಜಾಗೃತಿಗೆ ನಡೆದ ಸಂಗೀತ ಕಾರ್ಯಕ್ರಮ. ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಜಾರ್ಜ್ ಮೈಕಲ್ ಹಾಡಿದ ‘ಸಮ್‌ಬಡಿ ಟು ಲವ್’ ಆರಿಸಿಕೊಳ್ಳಿ. ಪಾಪ್ ಗಾಯಕರೊಬ್ಬರು ಕ್ವೀನ್ ಬ್ಯಾಂಡಿನ ಜೊತೆ ಹೊಂದುತ್ತಾರಾ ಅನ್ನೋ ಅನುಮಾನ ಮೊದಲ ಸಾಲಿಗೇ ಮಾಯ. ಮೈದಾನಕ್ಕೆ ಮೈದಾನವೇ ದನಿಗೂಡಿಸುತ್ತದೆ.

‘ಬೊಹೀಮಿಯನ್ ರಾಪ್ಸಡಿ’ ಬೇರೆಯೇ ಥರ. ನಿಧಾನದ ಭಾಗ ಎಲ್ಟನ್ ಜಾನ್ ಅವರದು. ಆಪೆರಾ ಶೈಲಿಯ ಭಾಗಕ್ಕೆ ಮೊದಲೇ ಧ್ವನಿಮುದ್ರಿಸಿದ ಟೇಪ್. ಗಿಟಾರ್ ಸಿಡಿದೊಡನೆ ರಾಕ್ ಗಾಯಕ ಆಕ್ಸಲ್ ರೋಸ್ ಓಡಿಬರುತ್ತಾರೆ! ಇಬ್ಬರ ದನಿ ಕೂಡುವುದಿಲ್ಲ, ನಿಜ. ಆದರೂ ಕೊನೆಯಲ್ಲಿ ಜೊತೆಯಾಗಿ ನಿಂತು ಹಾಡುವಾಗ ನನಗಂತೂ ಗಂಟಲು ಕಟ್ಟುತ್ತದೆ.

ಕೊನೆಗೆ ‘ವಿ ಆರ್ ದ ಚಾಂಪಿಯನ್ಸ್’ಗೆ ಸಂಗೀತ ನಾಟಕಗಳ ಗಾಯಕಿ-ನಟಿ ಲೈಜಾ ಮಿನೆಲ್ಲಿ ಯಾಕೆ ಅಂತ ರಾಕ್ ಅಭಿಮಾನಿಗಳು ಗೊಣಗುತ್ತಾರೆ. ಫ್ರೆಡ್ಡಿಗೆ ಅವರೆಂದರೆ ಪ್ರಾಣ, ಅಷ್ಟು ಸಾಕಲ್ವಾ?